ಇಂದ್ರನ ಹೊಟ್ಟೆ

ನಮ್ಮ ನಂಟರಿಷ್ಟರಲ್ಲಿ ನನಗೆ ವಿನಯವಂತನೆಂಬ ಹೆಸರಿದೆ. ಮದುವೆಯಿರಲಿ, ಗೃಹಪ್ರವೇಶವಿರಲಿ, ಯಾರದೋ ಷಷ್ಟ್ಯಬ್ದಿಯಿರಲಿ, ನಾನು ಕೂಡುವುದು ಕಟ್ಟಕಡೆಯ ಸಾಲಿನಲ್ಲಿ, ಅದೂ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಮನೆಯವರು ಓಡಿಬಂದು "ಮುಂದ ಬರ್ರಿ, ಮುಂದ ಬರ್ರಿ, ಇಲ್ಲ್ಯಾಕ ಕುಂತೀರಿ?" ಎಂದು ರಟ್ಟೆ ಹಿಡಿದು ಎಳೆಯುತ್ತಾರೆ. ನಾನು ಕೈಮುಗಿದು "ಇಲ್ಲೇ ಆರಾಮ ಐತ್ರಿ" ಅನ್ನುತ್ತೇನೆ. ಅವರು ತಿರುಗಿ ಹೋಗುವಾಗ ಪಕ್ಕದವರಿಗೆ ಹೇಳುವುದು ನನಗೂ ಕೇಳಿಸುತ್ತದೆ: "ಭಾಳ ಸಾದಾ ಮನಶ್ಯಾ ನೋಡ್ರಿ. ಎಳ್ಳಷ್ಟ ಜಂಬ ಇಲ್ಲ."

ನಿಮಗೊಬ್ಬರಿಗೇ ನಿಜ ಹೇಳುತ್ತೇನೆ. ಅದು ವಿನಯವಲ್ಲ, ಹೊಟ್ಟೆ. ಯಾವ ಗಳಿಗೆಗೆ ಅದು "ಏಳು" ಅನ್ನುತ್ತದೋ ಅದಕ್ಕೇ ಗೊತ್ತಿಲ್ಲ, ಇನ್ನು ನನಗೆಲ್ಲಿಂದ ಗೊತ್ತಾಗಬೇಕು? ಹಾಗೆ ಅಂದಾಗ ಇಪ್ಪತ್ತು ಜನರ ಮೊಣಕಾಲು ದಾಟಿ, ಯಾರದೋ ರೇಷ್ಮೆ ಸೀರೆ ತುಳಿದು ಹೋಗುವುದಕ್ಕಿಂತ ಮೊದಲೇ ಬಾಗಿಲ ಬಳಿ ಕೂತುಬಿಡುವುದು ಲೇಸು. ಅದಕ್ಕೆ ಜನ ವಿನಯವೆಂದು ಹೆಸರಿಟ್ಟರು. ನಾನೂ ಬೇಡವೆನ್ನಲಿಲ್ಲ.

ಹೊಸ ಜಾಗಕ್ಕೆ ಹೋದರೆ ಬೇರೆಯವರು ಗೋಡೆಯ ಮೇಲಿನ ಫೋಟೋ ನೋಡುತ್ತಾರೆ, ಟೈಲ್ಸು ಯಾವ ಕಂಪನಿಯದೆಂದು ಕೇಳುತ್ತಾರೆ. ನಾನು ಚಪ್ಪಲಿ ಬಿಡುವ ಮೊದಲೇ 'ಅದು' ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತೇನೆ. ಸಿಕ್ಕಿತೆಂದರೆ ಅರ್ಧ ರೋಗ ಇಳಿಯುತ್ತದೆ. ಸಿಗಲಿಲ್ಲವೆಂದರೆ ಅಲ್ಲಿಯವರೆಗೆ ತೆಪ್ಪಗಿದ್ದ ಹೊಟ್ಟೆ ಎಚ್ಚರಗೊಂಡು "ಏನು, ಇಲ್ಲವಾ?" ಎಂದು ಎದ್ದು ಕೂಡುತ್ತದೆ. ನನ್ನ ಮಾವನ ಮನೆ ಗಡಹಿಂಗ್ಲಜ. ನಮ್ಮೂರು ಇಚಲಕರಂಜಿಯಿಂದ ಅಲ್ಲಿಗೆ ಹೋಗುವ ಬಸ್ಸು ಮಹಾರಾಷ್ಟ್ರದಲ್ಲಿ ಹೊರಟು, ನಡುವೆ ಕರ್ನಾಟಕ ಹೊಕ್ಕು, ನಿಪ್ಪಾಣಿ ಸಂಕೇಶ್ವರ ದಾಟಿ, ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತದೆ. ಗಡಿಯ ಬಗ್ಗೆ ಎರಡೂ ಕಡೆಯವರು ಎಷ್ಟೆಷ್ಟೋ ಕೂಗಾಡಿದ್ದಾರೆ. ನನಗಂತೂ ಆ ದಾರಿಯಲ್ಲಿ ಎರಡು ರಾಜ್ಯಗಳು ಕಾಣುವುದೇ ಇಲ್ಲ, ಶೌಚಾಲಯ ಇರುವ ಊರು ಮತ್ತು ಇಲ್ಲದ ಊರು ಅಷ್ಟೇ ಕಾಣುತ್ತವೆ.

ರೋಗಗಳಲ್ಲೂ ಜಾತಿಯಿದೆ ಎಂಬುದನ್ನು ನೀವು ಗಮನಿಸಿರಬಹುದು. ಬಿಪಿ, ಶುಗರು ಮೇಲಿನವು. ಅವನ್ನು ನಾಲ್ಕು ಜನರ ನಡುವೆ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು, "ನಂದು ನಿನಗಿಂತ ಹೆಚ್ಚು" ಎಂದು ಪೈಪೋಟಿಯನ್ನೂ ಮಾಡಬಹುದು. ಪಿತ್ತ, ಅಸಿಡಿಟಿ ನಡುವಿನವು. ಊಟಕ್ಕೆ ಕೂತಾಗ "ನನಗ ಬ್ಯಾಡ್ರಿ, ಪಿತ್ತ ಆಗ್ತೈತಿ" ಎಂದರೆ ಬಡಿಸುವವರು ಮರುಕದಿಂದ ಮುಂದೆ ಹೋಗುತ್ತಾರೆ. ನನ್ನದು ಮಾತ್ರ ಯಾವ ಪಂಕ್ತಿಗೂ ಸೇರದ್ದು. ಬಾಯಿಬಿಟ್ಟರೆ ಕೇಳುವವರು ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ದೂರ ಸರಿಯುತ್ತಾರೆ. ಹಾಗಾಗಿ ನಾನು ಮನೆಯಾಚೆ ಎಲ್ಲರಿಗೂ ಅಸಿಡಿಟಿ ಎಂದೇ ಹೇಳುತ್ತ ಬಂದೆ.

ಕೊನೆಗೊಮ್ಮೆ ನನ್ನ ಹೆಂಡತಿ ಸುನಂದಾ ನನ್ನನ್ನು ಕೊಲ್ಹಾಪುರದ ದೊಡ್ಡ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ದೊಡ್ಡವರೆಂದರೆ ಹೆಸರಿನಿಂದ, ವಯಸ್ಸಿನಲ್ಲಿ ನನ್ನ ಅಣ್ಣನ ಮಗನಷ್ಟಿದ್ದರು. ಅವರ ಆಸ್ಪತ್ರೆಯ ಕೆಳಗೇ ಒಂದು ಮಿಸಳ ಅಂಗಡಿ. ಮೆಟ್ಟಿಲು ಹತ್ತುವಾಗ ಮಿಸಳಿನ ಕೆಂಪು ಖಾರದ ರಸದ ಘಾಟು ಮೂಗಿಗೆ ಬಡಿಯುತ್ತದೆ. ಮೇಲೆ ಹೋದರೆ ಖಾರ ಮುಟ್ಟಬೇಡಿ ಅನ್ನುತ್ತಾರೆ. ಕೆಳಗಿನವರೂ ಮೇಲಿನವರೂ ಒಬ್ಬರಿಗೊಬ್ಬರು ಗಿರಾಕಿ ಕಳಿಸುತ್ತಾರೋ ಏನೋ ಎಂದು ನಾನು ಅಂದೆ. ಸುನಂದಾ ಸುಮ್ಮನಿರುವಂತೆ ಕಣ್ಣು ಮಾಡಿದಳು.

ರಕ್ತ ನೋಡಿದರು, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಪರದೆಯ ಮೇಲೆ ನೋಡಿದರು, ಕೊಳವೆ ಬಿಟ್ಟೂ ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕ್ರಿಯಾಕರ್ಮಕ್ಕೆ ಯಾರು ಯಾರು ಬರಬಹುದೆಂದು ಲೆಕ್ಕ ಹಾಕುತ್ತಿದ್ದೆ. ಒಳಗೆ ಕರೆದು ಡಾಕ್ಟರು ನಗುತ್ತ ಹೇಳಿದರು, "ಕಾಕಾ, ಸಗಳಂ ನಾರ್ಮಲ್ ಆಹೇ. ಕಾಹೀ ನಾಹೀ." ಎಲ್ಲ ಸರಿಯಿದೆ, ಏನೂ ಇಲ್ಲ! ಅಬ್ಬಾ, ಆಗ ನನಗೆ ಬಂದ ಸಿಟ್ಟು! ಇಷ್ಟು ವರ್ಷ ನನ್ನನ್ನು ಕುಣಿಸಿದ ಹೊಟ್ಟೆ ಡಾಕ್ಟರ ಎದುರು ಒಳ್ಳೆಯ ಮನೆತನದ ಹುಡುಗನ ಹಾಗೆ ಕೈಕಟ್ಟಿ ನಿಂತಿತ್ತು.

"ಹಂಗಾರ ನಾ ಸುಳ್ಳ ಹೇಳಾಕತ್ತೇನೇನ್ರಿ?" ಎಂದೆ. ಗಡಿನಾಡಿನ ಡಾಕ್ಟರಾದ್ದರಿಂದ ಅವರಿಗೆ ಕನ್ನಡ ತಿಳಿಯುತ್ತಿತ್ತು. ಸುಳ್ಳಲ್ಲ, ನೋವು ನಿಜ, ಓಡುವುದೂ ನಿಜ, ಆದರೆ ಕರುಳಿಗೆ ಗಾಯವಿಲ್ಲ, ಹುಣ್ಣಿಲ್ಲ ಎಂದರು. ಕರುಳಿನ ಗೋಡೆಯಲ್ಲೇ ನರಗಳದೊಂದು ದೊಡ್ಡ ಬಲೆಯಿದೆಯಂತೆ, ಅದಕ್ಕೂ ತಲೆಗೂ ನಡುವೆ ಹಗಲೆಲ್ಲ ಮಾತುಕತೆ ನಡೆದಿರುತ್ತದಂತೆ. ತಲೆ ಅಂಜಿದರೆ ಕರುಳು ಓಡುತ್ತದೆ, ಕರುಳು ಗುಡುಗಿದರೆ ತಲೆ ಅಂಜುತ್ತದೆ. ಎಲ್ಲರಲ್ಲೂ ಇದು ಇರುತ್ತದೆ, ನನ್ನಂಥವರಲ್ಲಿ ಪಿಸುಮಾತೂ ಕೂಗಿದಂತೆ ಕೇಳಿಸುತ್ತದೆ ಅಷ್ಟೇ. ನನಗೆ ನಮ್ಮ ಕಬನೂರಿನ ದೊಡ್ಡಪ್ಪನ ಮನೆಯ ಇಬ್ಬರು ಸೊಸೆಯರು ನೆನಪಾದರು. ಒಬ್ಬಳು ಅಡುಗೆಮನೆಯಿಂದ ಒಂದು ಮಾತು ಕಳಿಸಿದರೆ ಇನ್ನೊಬ್ಬಳು ಪಡಸಾಲೆಯಿಂದ ಎರಡು ಕಳಿಸುತ್ತಿದ್ದಳು. ಮೊದಲು ಯಾರು ಶುರು ಮಾಡಿದರೆಂದು ಇಂದಿಗೂ ಆ ಮನೆಯಲ್ಲಿ ಇತ್ಯರ್ಥವಾಗಿಲ್ಲ.

ಡಾಕ್ಟರು ಹೇಳಿದ ಇಂಗ್ಲಿಷ್ ಹೆಸರನ್ನು ಮನೆಗೆ ಬರುವ ದಾರಿಯಲ್ಲಿ ನಾನು ಸುನಂದಾಳಿಗೆ ಕನ್ನಡ ಮಾಡಿ ಹೇಳಿದೆ, "ಸಿಡುಕು ಕರುಳು" ಎಂದು. ಅವಳು ಕಿಟಕಿಯಾಚೆ ನೋಡುತ್ತಲೇ ಅಂದಳು, "ಸಿಡುಕು ನಿಮ್ಮ ಇಡೀ ಮನೆತನದಾಗ ಐತಿ. ಕರುಳಿಗಷ್ಟ ಯಾಕ ಹೆಸರಿಟ್ಟರೋ!"

ಚೀಟಿಯಲ್ಲಿ ಗುಳಿಗೆ ಬರೆದದ್ದು ಸರಿ, ಕೊನೆಗೆ ಬಾಯಲ್ಲಿ ಹೇಳಿದ್ದು ಮಾತ್ರ ನನಗೆ ಅರಗಲಿಲ್ಲ: "ಟೆನ್ಶನ್ ಘೇಊ ನಕಾ." ಟೆನ್ಶನ್ ತಗೋಬೇಡಿ. ಟೆನ್ಶನ್ ಎಂಬುದು ತಟ್ಟೆಯಲ್ಲಿಟ್ಟು ತಂದ ಪೇಢೆ ನೋಡಿ, ಬೇಡ ಎಂದು ಕೈ ಅಡ್ಡ ಹಿಡಿಯಲಿಕ್ಕೆ! ಅಂದಿನಿಂದ ನನಗೊಂದು ಹೊಸ ಕೆಲಸ ಹತ್ತಿತು. ಮೊದಲು ಬರೀ ಚಿಂತೆ ಮಾಡುತ್ತಿದ್ದೆ, ಈಗ ಚಿಂತೆ ಮಾಡುತ್ತಿದ್ದೇನೆಯೇ ಎಂದು ಚಿಂತೆ ಮಾಡತೊಡಗಿದೆ. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೂತು ಒಳಗೆಲ್ಲ ತಡಕಾಡಿ ನೋಡುವುದು: ಟೆನ್ಶನ್ ಇದೆಯೋ, ಇಲ್ಲವೋ? ಇಲ್ಲ ಅನ್ನಿಸಿದರೆ, ಯಾಕಿಲ್ಲ, ಏನೋ ಮರೆತಿರಬೇಕು ಎಂದು ಗಾಬರಿ. ಅಷ್ಟು ಹೊತ್ತಿಗೆ ಹೊಟ್ಟೆಗೆ ಸುದ್ದಿ ಮುಟ್ಟಿರುತ್ತದೆ.

ಇಚಲಕರಂಜಿಯ ಶಹಾಪುರದಲ್ಲಿ ನನ್ನದೊಂದು ಚಿಕ್ಕ ಮಗ್ಗದ ಶೆಡ್ಡಿದೆ. ಅಲ್ಲಿ ಮಗ್ಗಗಳು ಖಟಖಟ ಹೊಡೆಯುತ್ತಿದ್ದರೆ ಪಕ್ಕದವನು ಕಿರುಚಿದರೂ ಕೇಳಿಸುವುದಿಲ್ಲ. ಹೊರಗಿನವರಿಗೆ ಅದು ತಲೆನೋವು, ನಮಗೆ ಜೋಗುಳ. ಒಂದು ಮಗ್ಗ ನಿಂತರೆ ಮಾತ್ರ ತಟ್ಟನೆ ಎಚ್ಚರಾಗುತ್ತದೆ, ನೂಲು ಹರಿಯಿತೋ, ಕರೆಂಟು ಹೋಯಿತೋ, ಏನಾಯಿತೋ ಎಂದು. ನನ್ನ ಜೀವನವೇ ಹೀಗಾಗಿದೆ. ಗದ್ದಲವಿದ್ದರೆ ಸರಿ, ಶಾಂತವಾದರೆ ಅಂಜಿಕೆ. ಪ್ರಾಣಾಯಾಮ ಮಾಡಿ ಎಂದು ಯಾರೋ ಹೇಳಿದರೆಂದು ಕಣ್ಣು ಮುಚ್ಚಿ ಕೂತರೆ ಆ ಮೌನದಲ್ಲಿ ಹೊಟ್ಟೆಯ ಗುಡುಗುಡು ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಡಾಕ್ಟರು ಹೊಸದಾಗಿ ಕಂಡುಹಿಡಿದವರಂತೆ ಹೇಳಿದ ಈ ಹೊಟ್ಟೆ-ತಲೆ ನಂಟು ನಮ್ಮ ಭಾಷೆಗೆ ಎಂದೋ ಗೊತ್ತಿತ್ತಲ್ಲ ಎಂದು ಆಮೇಲೆ ನನಗೆ ಹೊಳೆಯಿತು. ಪಕ್ಕದ ಮನೆಯವನು ಕಾರು ಕೊಂಡರೆ ನಮಗೆ ಕಿಚ್ಚು ಹತ್ತುವುದು ತಲೆಯಲ್ಲಲ್ಲ, ಹೊಟ್ಟೆಯಲ್ಲಿ. ತಪ್ಪು ಮಾಡಿದವನು "ಹೊಟ್ಟ್ಯಾಗ ಹಾಕ್ಕೋರಿ" ಅನ್ನುತ್ತಾನೆಯೇ ಹೊರತು ತಲೆಯಲ್ಲಿ ಹಾಕಿಕೊಳ್ಳಿ ಅನ್ನುವುದಿಲ್ಲ. ಮಕ್ಕಳು ಬಿದ್ದರೆ ಚುರ್ ಅನ್ನುವುದು ಕರುಳು. ನಮ್ಮ ಕಡೆಯ ಮರಾಠಿಯವರು ಹೆದರಿದರೆ "ಪೋಟಾತ ಗೋಳಾ ಆಲಾ" ಅನ್ನುತ್ತಾರೆ, ಹೊಟ್ಟೆಯಲ್ಲಿ ಉಂಡೆ ಕಟ್ಟಿತು ಎಂದು. ಇನ್ನು ಆಯುರ್ವೇದದವರು ಅಂಜಿಕೆಯಿಂದ ಆಗುವ ಭೇದಿಗೆ ಭಯಾತಿಸಾರವೆಂದೂ, ದುಃಖದಿಂದ ಆಗುವುದಕ್ಕೆ ಶೋಕಾತಿಸಾರವೆಂದೂ ಬೇರೆ ಬೇರೆ ಹೆಸರಿಟ್ಟು ಕೂತಿದ್ದಾರೆ. ಇದನ್ನು ಓದಿ ನನಗೆ ಒಂದು ದಿನ ತುಂಬ ಸಮಾಧಾನವಾಯಿತು. ಎಷ್ಟೋ ಶತಮಾನಗಳ ಹಿಂದೆ ಯಾವನೋ ಒಬ್ಬ ನನ್ನ ಹಾಗೆ ಸಭೆಯ ನಡುವಿನಿಂದ ಎದ್ದು ಓಡಿದ್ದಿರಬೇಕು, ಅವನ ಹಿಂದೆ ವೈದ್ಯನೊಬ್ಬ ಕುತೂಹಲದಿಂದ ಹೋಗಿದ್ದಿರಬೇಕು. ಮರುದಿನ ಆ ಸಮಾಧಾನ ಉಳಿಯಲಿಲ್ಲ, ಯಾಕೆಂದರೆ ಮರುದಿನ ನನ್ನ ಹೆಂಡತಿಯ ತಮ್ಮ ಭರತೇಶ ಗಡಹಿಂಗ್ಲಜದಿಂದ ಬಂದ.

ಬಂದವನು ಚಹಾ ಕುಡಿದು, ಮೀಸೆ ಒರೆಸಿಕೊಂಡು, ದೊಡ್ಡ ಬಹುಮಾನ ತಂದವನ ಹಾಗೆ ಹೇಳಿದ, "ದಾಜಿ, ಈ ಸಲ ನಮ್ಮ ಬಸ್ತ್ಯಾಗ ವಿಧಾನ ಐತಿ. ಇಂದ್ರ ಯಾರಾಗಬೇಕಂತ ಮಾತ ಬಂತು. ಎಲ್ಲಾರೂ ನಿಮ್ಮ ಹೆಸರ ತಗದ್ರು. ಅಷ್ಟ ದೊಡ್ಡ ಮನಶ್ಯಾ ಯಾವತ್ತೂ ಬಾಗಲದಾಗ ಕೂಡ್ರತಾನ, ಈ ಸಲ ಅಂವನ್ನ ಎತ್ತಿ ನಡಕ ಕುಂದ್ರಸೂಣು ಅಂದ್ರು."

ತಿಳಿಯದವರಿಗೆ ಹೇಳಬೇಕು. ಬಸದಿಗೆ ನಾವು ಬಸ್ತಿ ಅನ್ನುತ್ತೇವೆ. ವಿಧಾನವೆಂದರೆ ನಮ್ಮ ಜೈನರಲ್ಲಿ ಹಲವು ದಿನ ನಡೆಯುವ ದೊಡ್ಡ ಪೂಜೆ. ಅದರಲ್ಲಿ ಗಂಡಹೆಂಡತಿ ಇಬ್ಬರು ಇಂದ್ರ, ಇಂದ್ರಾಣಿಯರಾಗಿ ಕಿರೀಟ ಹಾರ ಹಾಕಿಕೊಂಡು ಮುಂದೆ ಕೂತು ಅರ್ಘ್ಯ ಬಿಡುತ್ತಾರೆ. ಬೆಳಿಗ್ಗೆ ಮಡಿಯಲ್ಲಿ ಕೂತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ. ಎದ್ದು ಹೊರಗೆ ಹೋದರೆ ಮತ್ತೆ ತಲೆಯಿಂದ ಸ್ನಾನ, ಮತ್ತೆ ಬೇರೆ ಮಡಿ. ಅಲ್ಲಿಯ ಬಸ್ತಿಯಲ್ಲಿ ಇನ್ನೊಂದು ಪದ್ಧತಿ: ಇಂದ್ರನ ಶಲ್ಯಕ್ಕೂ ಇಂದ್ರಾಣಿಯ ಸೆರಗಿಗೂ ಗಂಟು ಹಾಕುತ್ತಾರೆ. ಒಬ್ಬರು ಎದ್ದರೆ ಇಬ್ಬರೂ ಏಳಬೇಕು, ಇಬ್ಬರೂ ಮೀಯಬೇಕು, ಅಲ್ಲಿಯವರೆಗೆ ಇಡೀ ಊರು ಕಾಯಬೇಕು.

ನನ್ನ ಹೊಟ್ಟೆಯಲ್ಲಿ ಆ ಕ್ಷಣವೇ ಉಂಡೆ ಕಟ್ಟಿತು. ಹಿಂದೆ ಎರಡು ಸಲ ಇದೇ ಕರೆ ಬಂದಿತ್ತು. ಒಮ್ಮೆ ನೂಲಿನ ದರ ಏರಿದೆಯೆಂದೂ ಇನ್ನೊಮ್ಮೆ ಇಳಿದಿದೆಯೆಂದೂ ಹೇಳಿ ತಪ್ಪಿಸಿಕೊಂಡಿದ್ದೆ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಸುನಂದಾಳ ಮುಖ ಕಂಡಿತು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ತಮ್ಮ ಕೈತೊಳೆಯಲು ಹೋದಾಗ ಮೆಲ್ಲಗೆ ಅಂದಳು, "ನಮ್ಮವ್ವ ಇಂದ್ರಾಣಿ ಆಗಿ ಕುಂತಾಗ ನಾ ಸಣ್ಣಾಕಿ. ಅಕಿ ಸೆರಗ ಹಿಡದ ಹಿಂದ ಕುಂತಿದ್ದೆ. ಈಗ ಅಕಿಗೆ ಕಣ್ಣ ಮಂಜ ಆಗ್ಯಾವು. ಪೂರ್ತಿ ಕಾಣೂದ ನಿಲ್ಲೂಕಿಂತ ಮದ್ಲ ನಾ ಅಲ್ಲಿ ಕುಂತದ್ದ ಅಕಿ ನೋಡ್ಲಿ ಅಂತೇನಿ. ನಿಮ್ಮ ಹೊಟ್ಟಿ ನನಗ ಗೊತ್ತೈತಿ. ಆಗೂದಿಲ್ಲ ಅಂದ್ರ ಬ್ಯಾಡ."

ಬೇಡ ಎಂದು ಅವಳು ಅಂದ ಮೇಲೆ ಬೇಡ ಅನ್ನುವುದು ಹೇಗೆ? ಅವಳು ನನ್ನನ್ನು ಕಟ್ಟಿಕೊಂಡು ಬಂದ ಮೇಲೆ ಬೇಡಿದ್ದು ಕಡಿಮೆ. ಹೂಂ ಅಂದುಬಿಟ್ಟೆ. ಅಂದ ಗಳಿಗೆಯಿಂದ ನನಗೆ ನಿದ್ದೆಯಿಲ್ಲ, ಕೂತಲ್ಲಿ ಕೂಡಲಾಗದು. ಶೆಡ್ಡಿನಲ್ಲಿ ಮಗ್ಗದಿಂದ ಮಗ್ಗಕ್ಕೆ ಲಾಳಿಯ ಹಾಗೆ ಓಡಾಡಿದೆ. ವಿಧಾನದ ಹಿಂದಿನ ದಿನ ಗಡಹಿಂಗ್ಲಜಕ್ಕೆ ಹೋದವನೇ ಬಸ್ತಿಯ ಒಳಗೆ ದೇವರಿಗೆ ಕೈಮುಗಿಯುವುದಕ್ಕೂ ಮೊದಲು ಹಿಂದಿನ ಸಂದಿ ನೋಡಿಬಂದೆ. ಇಂದ್ರನ ಪೀಠದಿಂದ ಎದ್ದು, ಕಂಬದ ಬಳಸು ಹಾದು, ಹೆಂಗಸರ ಸಾಲು ದಾಟಿ, ಪ್ರಾಂಗಣ ಇಳಿದು, ಬಾವಿಯ ಆಚೆ. ಮಾರ್ಗ ಎರಡು ಸಲ ನಡೆದು ನೋಡಿದೆ. ನೋಡಿದವರು "ಪ್ರದಕ್ಷಿಣಿ ಹಾಕಾಕತ್ತಾರ, ಎಷ್ಟ ಭಕ್ತಿ!" ಅಂದರು.

ಊಟ ಬಿಟ್ಟರೆ ಪಾರಾಗಬಹುದೆಂದು ಹಿಂದಿನ ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅತ್ತೆಯ ಮನೆಯಲ್ಲಿ ಅದಕ್ಕೂ ಮೆಚ್ಚುಗೆ, ಅಳಿಯ ಉಪವಾಸ ಹಿಡಿದಿದ್ದಾನೆ ಎಂದು. ಆದರೆ ಈ ರೋಗದ ದೊಡ್ಡ ಗುಟ್ಟು ಇದೇ. ನೂಲು ಹಾಕದಿದ್ದರೂ ಈ ಮಗ್ಗ ಓಡುತ್ತದೆ.

ಬೆಳಿಗ್ಗೆ ಕೇಸರಿ ಧೋತರ ಉಡಿಸಿದರು, ತಗಡಿನ ಕಿರೀಟ ಇಟ್ಟರು, ಕೊರಳಿಗೆ ಮಣಿಹಾರ. ಸುನಂದಾಳಿಗೂ ಕಿರೀಟ. ಅವಳು ಕಿರೀಟದಲ್ಲಿ ಚೆಂದ ಕಾಣುತ್ತಿದ್ದಳು, ಮದುವೆಯ ದಿನಕ್ಕಿಂತ ಚೆಂದ. ಅವಳಿಗೆ ಅದನ್ನು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಒಳಗೊಂದು ಗುಡುಗು ಕೇಳಿ ಬಾಯಿ ಮುಚ್ಚಿಕೊಂಡೆ. ಶಲ್ಯಕ್ಕೆ ಸೆರಗು ಕಟ್ಟಿ ಇಬ್ಬರನ್ನೂ ನಟ್ಟನಡುವೆ ಕೂಡಿಸಿದರು. ಅತ್ತೆಯನ್ನು ಕೈಹಿಡಿದು ತಂದು ಎಲ್ಲರಿಗಿಂತ ಮುಂದೆ, ನಮಗೆ ಹತ್ತಿರವೇ ಕೂಡಿಸಿದ್ದರು. ಮುದುಕಿ ಕಣ್ಣು ಕಿರಿದು ಮಾಡಿ ಮಗಳನ್ನೇ ನೋಡುತ್ತಿದ್ದಳು.

ಪೂಜೆ ಮಾಡಿಸುವ ಪಂಡಿತರು ಮೈಕಿನಲ್ಲಿ ಅರ್ಥ ಹೇಳುತ್ತ ಹೋದರು. ಸ್ವರ್ಗದ ದೇವತೆಗಳದು ನಮ್ಮಂಥ ಶರೀರವಲ್ಲವಂತೆ. ಅವರು ತುತ್ತು ನುಂಗುವುದಿಲ್ಲ, ಮನಸ್ಸಿನಲ್ಲಿ ಆಹಾರ ನೆನೆದರೆ ಸಾಕು ತೃಪ್ತಿ, ಮಲಮೂತ್ರದ ಬಾಧೆಯೇ ಇಲ್ಲ. ನಾನು ಕಿರೀಟ ಸರಿಮಾಡಿಕೊಂಡು ಯೋಚಿಸಿದೆ: ಹಾಗಾದರೆ ಇಂದ್ರ ಇಂದ್ರನಾಗಿ ಕೂತದ್ದರಲ್ಲಿ ಏನು ಹೆಚ್ಚುಗಾರಿಕೆ? ನನ್ನ ಹೊಟ್ಟೆ ಇಟ್ಟುಕೊಂಡು ಒಂದು ದಿನ ಕೂತು ತೋರಿಸಲಿ. ಪಂಡಿತರು ಮುಂದುವರಿಸಿದರು. ಭೂಮಿಯಲ್ಲಿ ತೀರ್ಥಂಕರ ಹುಟ್ಟಿದಾಗ ಸ್ವರ್ಗದಲ್ಲಿ ಇಂದ್ರನ ಆಸನ ಕಂಪಿಸುತ್ತದಂತೆ. ಕಂಪಿಸಿದ ಕೂಡಲೇ ಇಂದ್ರ ಪೀಠದಿಂದ ಇಳಿದು ಏಳು ಹೆಜ್ಜೆ ನಡೆಯುತ್ತಾನಂತೆ. ದೇವರಾಣೆ, ಸರಿಯಾಗಿ ಆ ಹೊತ್ತಿಗೆ ನನ್ನ ಆಸನವೂ ಕಂಪಿಸಿತು.

ಮೊದಲ ಅಲೆ. ಹಲ್ಲು ಕಚ್ಚಿದೆ. ಅರ್ಘ್ಯ ಬಿಟ್ಟೆ. ಎರಡನೆಯದು ಬಂದಾಗ ಬೆನ್ನಿನಲ್ಲಿ ತಣ್ಣನೆಯ ಬೆವರು. ಸ್ವಾಹಾ ಅನ್ನಬೇಕಾದ ಕಡೆ ಬರೀ ಉಸಿರು ಬಂತು. ಮನಸ್ಸಿನಲ್ಲಿ ಹಿಂದಿನ ದಿನ ನಡೆದ ಮಾರ್ಗ ಉದ್ದ ಉದ್ದವಾಗುತ್ತ ಹೋಯಿತು, ಬಾವಿ ಚಂದಗಡದಷ್ಟು ದೂರ ಸರಿಯಿತು. ಅತ್ತೆಯ ಮಂಜುಗಣ್ಣು, ಭರತೇಶನ ಹೆಮ್ಮೆಯ ಮೀಸೆ, ಊರಿನ ಅಷ್ಟೂ ಜನ. ಏಳಲಾರೆ, ಕೂಡಲಾರೆ. ಇವಳ ಇಷ್ಟು ವರ್ಷದ ಆಸೆಯನ್ನು ನಾನು ಈ ಗಳಿಗೆಯಲ್ಲಿ ಊರೆದುರು ಹಾಳು ಮಾಡಲಿದ್ದೇನೆ ಎಂದು ಕಣ್ಣಲ್ಲಿ ನೀರು ಬಂತು. ಜನ ಅದನ್ನೂ ಭಕ್ತಿ ಎಂದುಕೊಂಡಿರಬೇಕು.

ಪಂಡಿತರು ಮಂತ್ರ ಹೇಳಿಸಲೆಂದು ಮೈಕನ್ನು ನಮ್ಮ ಮುಂದೆ ಹಿಡಿದರು. ಸುನಂದಾ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಆ ಮೈಕಿನಲ್ಲೇ, ಸ್ವಲ್ಪವೂ ತೊದಲದೆ, "ಪಂಡಿತರ, ತಪ್ಪ ತಿಳ್ಕೋಬ್ಯಾಡ್ರಿ. ನನ್ನ ಹೊಟ್ಟಿ ಕೆಟ್ಟೈತಿ. ನಾ ಹೊರಗ ಹೋಗಬೇಕು," ಎಂದು ಎದ್ದು ನಿಂತಳು. ಮಾತು ಬಸ್ತಿಯ ಹೊರಗೆ ಕಟ್ಟಿದ್ದ ಧ್ವನಿವರ್ಧಕದಲ್ಲೂ ಕೇಳಿತು. ಅವಳು ಎದ್ದಳು, ಗಂಟಿತ್ತು, ನಾನೂ ಎದ್ದೆ. ಕಂಬದ ಬಳಸು, ಹೆಂಗಸರ ಸಾಲು, ಪ್ರಾಂಗಣ. ಮುಂದೆ ಇಂದ್ರಾಣಿ ದುಡುದುಡು ನಡೆದಳು, ಹಿಂದೆ ಇಂದ್ರ ಕಿರೀಟ ಹಿಡಿದುಕೊಂಡು. ಯಾರೋ ಹೆಣ್ಣುಮಕ್ಕಳು ಕಿಸಕ್ಕೆಂದದ್ದು ಕೇಳಿಸಿತು.

ಬಾವಿಯ ಆಚೆ ಹೋಗಿ ಗಂಟು ಬಿಚ್ಚಿ ನನ್ನನ್ನು ಒಳಗೆ ದಬ್ಬಿ ಅವಳು ಕಟ್ಟೆಯ ಮೇಲೆ ಕೂತಳು. ನಾನು ಒಳಗೆ ಹೋದೆ. ಚಿಲಕ ಹಾಕಿದೆ. ಆಮೇಲೆ ನಡೆದದ್ದನ್ನು ನೀವು ನಂಬಲಿಕ್ಕಿಲ್ಲ. ಹೊಟ್ಟೆ ನಿಂತುಬಿಟ್ಟಿತ್ತು. ಅಲೆ ಇಲ್ಲ, ಗುಡುಗಿಲ್ಲ. ಏಳಲಿಕ್ಕೆ ಬಿಟ್ಟರಲ್ಲ, ಅದಕ್ಕೆ ಬೇಕಾದದ್ದು ಅಷ್ಟೇ! ಹೊರಗೆ ಬಂದು ತಲೆ ತಗ್ಗಿಸಿ ಅದನ್ನೇ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ.

"ಇರ್ಲಿ ಬಿಡ್ರಿ," ಅಂದಳು, ಓರೆಯಾದ ನನ್ನ ಕಿರೀಟ ತೆಗೆದು ಕಟ್ಟೆಯ ಮೇಲಿಡುತ್ತ. "ಆಗಬಾರದ್ದ ಆಗಿಹೋತು. ಇನ್ನೇನ ಆಗೂದೈತಿ? ನಡೀರಿ, ತಣ್ಣೀರ ಹಾಕ್ಕೋರಿ."

ಇಬ್ಬರೂ ಮತ್ತೆ ಮಿಂದೆವು. ಬೇರೆ ಮಡಿ ಉಟ್ಟೆವು. ತಿರುಗಿ ಬಂದು ಕೂತಾಗ ಜನ ಆಡುತ್ತಿದ್ದ ಮಾತು ನಿಲ್ಲಿಸಿ ಅವಳನ್ನೇ ನೋಡಿದರು. ಅವಳು ತಲೆಯೆತ್ತಿ ಅರ್ಘ್ಯದ ತಟ್ಟೆ ಹಿಡಿದಳು. ಹೊಟ್ಟೆ ಆಗಾಗ ಗೊಣಗುತ್ತಲೇ ಇತ್ತು, ಮಧ್ಯಾಹ್ನದವರೆಗೆ ನನಗೆ ಸುಖವೇನೂ ಇರಲಿಲ್ಲ, ಆದರೂ ಪೂಜೆ ಮುಗಿಯಿತು.

ಊಟವಾದ ಮೇಲೆ ಅತ್ತೆಯ ಮನೆಯ ಪಡಸಾಲೆ ತುಂಬ ಹೆಂಗಸರು. ನಾನು, ಭರತೇಶ, ಪಂಡಿತರು ಇತ್ತ ತಾಂಬೂಲದ ತಟ್ಟೆಯ ಸುತ್ತ ಕೂತಿದ್ದೆವು. ಅತ್ತೆ ಒಂದು ಚರಿಗೆಯಲ್ಲಿ ಕಷಾಯ ತಂದಳು. ದಾಳಿಂಬೆ ಸಿಪ್ಪೆ, ಓಂಕಾಳು, ಜೀರಿಗೆ ಹಾಕಿ ಕುದಿಸಿದ ಕರಿಯ ಕಷಾಯ, ವಾಸನೆಗೇ ನಾಲಿಗೆ ಒಗರಾಗುತ್ತದೆ. ಅದನ್ನು ಲೋಟಕ್ಕೆ ಸುರಿದು ಮಗಳ ಕೈಗೆ ಕೊಟ್ಟಳು. ಸುತ್ತಲೂ ಕೂತವರು ಶುರು ಮಾಡಿದರು.

"ನಿನ್ನಿ ಏನರ ಹಾಳೂಮೂಳೂ ತಿಂದಿರಬೇಕು."

"ಇಂದ್ರಾಣಿ ಆಗಾಕಿ ಬಾಯಿ ಕಟ್ಟಬಾರ್ದೇನ?"

ಸುನಂದಾಳ ಚಿಕ್ಕಮ್ಮನಿಗೆ ನಾಲಿಗೆ ಮೊದಲೇ ಹರಿತ. ಅವರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು, "ತಡಕೊಳ್ಳಾಕ ಆಗೂದಿಲ್ಲ ಅಂದ್ರ ಕೂಡ್ರಬಾರದ. ಗಂಡ ಪಾಪ, ದೇವರಂಥಾಂವ, ಅಂವನ್ನೂ ಹೊರಗ ಎಳಕೊಂಡ ಹೋದ್ಲು. ಊರಾಗೆಲ್ಲಾ ನಗಿ ಆತು."

ಸುನಂದಾ ಲೋಟ ತುಟಿಗೆ ಹತ್ತಿಸಿದಳು. ಮೊದಲ ಗುಟುಕಿಗೆ ಅವಳ ಕಣ್ಣು ಮುಚ್ಚಿದವು, ಮುಖ ಹಿಂಡಿತು. ಮತ್ತೊಂದು ಗುಟುಕಿಗೆ ಲೋಟ ಎತ್ತಿದಳು. ಅತ್ತೆ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು, ಬೆಳಗಿನ ಸಂತೋಷ ಆ ಮುಖದಲ್ಲಿ ಉಳಿದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಈ ಸಲ ತಡೆಯಲಾಗದ್ದು ಹೊಟ್ಟೆಯಲ್ಲ. ಎದ್ದು ಹೆಂಗಸರ ನಡುವೆಯೇ ಹೋಗಿ ಅವಳ ಕೈಯಿಂದ ಲೋಟ ಕಸಿದುಕೊಂಡೆ.

"ಇಕಿಗೆ ಏನೂ ಆಗಿಲ್ಲ. ಕೆಟ್ಟಿದ್ದು ನನ್ನ ಹೊಟ್ಟಿ," ಅಂದೆ. "ಇವತ್ತಲ್ಲ, ಭಾಳ ವರ್ಷದಿಂದ. ಅಂಜಿಕಿ ಬಂತಂದ್ರ ನನಗ ಹೊಟ್ಟಿ ನಿಲ್ಲೂದಿಲ್ಲ. ಡಾಕ್ಟರು ಹೆಸರೂ ಕೊಟ್ಟಾರ. ನನ್ನ ಮಾನ ಉಳಸಾಕ ಇಕಿ ತನ್ನ ಮ್ಯಾಲ ಹಾಕ್ಕೊಂಡ್ಲು. ನಗೂದಿದ್ರ ನನಗ ನಗ್ರಿ."

ಯಾರೂ ನಗಲಿಲ್ಲ. ಚಿಕ್ಕಮ್ಮನ ಕೈಯಲ್ಲಿ ಸುಣ್ಣದ ಬೆರಳು ಹಾಗೇ ನಿಂತಿತು. ನಾನು ಕಷಾಯ ಗುಟುಕರಿಸಿದೆ. ಥೂ, ಅದರ ಕಹಿ ಇನ್ನೂ ನೆನಪಿದೆ. ಸುನಂದಾ ನನ್ನನ್ನು ನೋಡಿದ ನೋಟವೂ ನೆನಪಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಭರತೇಶ ಮೀಸೆ ಕೆರೆದುಕೊಂಡು ಅಂದ, "ದಾಜಿ, ಎಲ್ಲಾ ಕುಡೀಬ್ಯಾಡ್ರಿ. ನನಗೊಂದಿಷ್ಟ ಉಳಸ್ರಿ. ಕಮಿಟಿ ಮೀಟಿಂಗ ಇದ್ದ ದಿನ ಮುಂಜಾನೆದ್ದ ನಂದೂ ಇದ ಗತಿ."

ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಪಂಡಿತರು ಕೆಮ್ಮಿದರು. ವಿಧಾನದ ಮೊದಲ ದಿನ ಮೈಕಿನ ಮುಂದೆ ಕೂಡುವ ಮುನ್ನ ಎಷ್ಟು ಸಲ ಹೋಗಿಬರಬೇಕಾಗುತ್ತದೆಂದು ತಮಗೊಬ್ಬರಿಗೇ ಗೊತ್ತು ಎಂದು, ಪುರಾಣ ಹೇಳುವ ಗಂಭೀರ ದನಿಯಲ್ಲೇ ಹೇಳಿ, ತಮ್ಮ ಲೋಟ ಮುಂದೆ ಸರಿಸಿದರು. ಮೂಲೆಯಲ್ಲಿ ಇನ್ಯಾರೋ, ಮಗಳ ಮನೆಯಿಂದ ಫೋನು ಬಂದರೆ ಸಾಕು ತಮಗೂ ಹಾಗೇ ಎಂದರು. ಕೊನೆಗೆ ಚಿಕ್ಕಮ್ಮ ಸುಣ್ಣದ ಬೆರಳು ಕಂಬಕ್ಕೆ ಒರೆಸಿ, ಯಾರ ಮುಖವನ್ನೂ ನೋಡದೆ, "ಬಸ್ಸಿನಾಗ ಕೂಡ್ರೂದಂದ್ರ ನನಗೂ ಆಗೂದಿಲ್ಲವಾ," ಎಂದು ಸುನಂದಾಳ ಮೊಣಕಾಲ ಮೇಲೆ ಕೈಯಿಟ್ಟರು.

ಅತ್ತೆ ಚರಿಗೆಯನ್ನು ಕಣ್ಣ ಹತ್ತಿರ ತಂದು ಬಗ್ಗಿಸಿ ನೋಡಿದಳು. ತಳದಲ್ಲಿ ಬರೀ ಸಿಪ್ಪೆ. ಮಗಳ ಭುಜ ಹಿಡಿದು ಎದ್ದು ಅಡುಗೆಮನೆಯ ಕಡೆ ನಡೆಯುತ್ತ ಬೈದಳು:

"ಎಲ್ಲಾರೂ ಹೊಟ್ಟ್ಯಾಗ ಇಟಗೊಂಡ ಕುಂತೀರಿ. ಮದ್ಲ ಯಾರರ ಒಬ್ಬರು ಬಾಯಿ ಬಿಟ್ಟಿದ್ರ ದೊಡ್ಡ ಪಾತೇಲಿನ ಒಲಿ ಮ್ಯಾಲ ಇಡತಿದ್ನೆಲ್ಲೋ!"